ದ್ಯಾಮವ್ವನ ದನಗಳು

ನನ್ನ ಅಜ್ಜಿಯ ಅಜ್ಜಿ ಇನ್ನೂ ಹುಟ್ಟಿರದ ಕಾಲದಲ್ಲಿ, ನೀನು ಕಣ್ಣು ಮುಚ್ಕೊಂಡೇ ಕೇಳು ಮಗಾ, ಕಾವೇರಿ ಸೀಮೇಲಿ ಒಂದು ಚಿಕ್ಕ ಹೊಲ ಇತ್ತಂತೆ. ಹೊಲದ ಮಗ್ಗುಲಲ್ಲೇ ಮನೆ, ಮನೆ ಹಿಂದೆ ಕೊಟ್ಟಿಗೆ. ಕೊಟ್ಟಿಗೇಲಿ ಒಂದು ಕೆಂದ ಹಸು, ನಾಕಾರು ಮೇಕೆ, ಇನ್ನೂ ನೊಗ ಕಾಣದ ಎರಡು ಎಳೆ ಎತ್ತು. ಮನೇಲಿ ಯಜಮಾನ, ಅವನ ಹೆಂಡ್ತಿ ಹೊಂಬಾಳಮ್ಮ, ಅವರಿಗೊಬ್ಬನೇ ಮಗ ಕೆಂಪಯ್ಯ. ಯಜಮಾನ ಯಾವಾಗಲೋ ತುಂಗಭದ್ರೆ ದಾಟಿ ಬಡಗಲ ಸೀಮೆಗೆ ಹೋಗಿದ್ದಾಗ, ಉಂಡ ಮನೆಯವರ ಗುಣ ಹಿಡಿಸಿ, ಆ ಮನೆ ಹುಡುಗೀನೇ ಮಗನಿಗೆ ತಂದ್ಕೊಂಡನಂತೆ. ಅವಳ ಹೆಸರು ದ್ಯಾಮವ್ವ.

ಇವರಾಡೋದೂ ಕನ್ನಡ, ಅವಳಾಡೋದೂ ಕನ್ನಡ, ಆದ್ರೆ ಅವಳು ಬಾಯಿ ಬಿಟ್ರೆ ಸಾಕು, ಎಲ್ಲರಿಗೂ ನಗು. ಬಂದ ಹೊಸದರಲ್ಲಿ ಬಾವಿಗೆ ಕೊಡ ಇಳಿಸಿ, ನೀರು ಬಾಳ ಅದಾವ ಅಂದ್ಲಂತೆ. ಅವರ ಕಡೆ ನೀರಿಗೆ ಹಂಗೇ ಅನ್ನೋದು. ಬಾವಿಕಟ್ಟೆ ಹೆಂಗಸರು ಬಿದ್ದು ಬಿದ್ದು ನಕ್ಕು, ಎಷ್ಟದಾವೆ ಎಣಿಸಿ ಹೇಳಮ್ಮ ಅಂದ್ರಂತೆ. ಹೊಂಬಾಳಮ್ಮನೂ ನಕ್ಕಳಂತೆ. ಕೆಂಪಯ್ಯ ನಗಲಿಲ್ಲ, ಆದ್ರೆ ನಗಬೇಡಿ ಅಂತಾನೂ ಅನ್ನಲಿಲ್ಲ. ದ್ಯಾಮವ್ವನಿಗೆ ಅದೇ ಜಾಸ್ತಿ ನೋವಾಯ್ತಂತೆ. ಅವತ್ತಿಂದ ಅವಳು ಮನೆ ಒಳಗೆ ಹೂಂ, ಊಹೂಂ ಬಿಟ್ಟು ಮಾತೇ ಆಡಲಿಲ್ಲವಂತೆ.

ಆಮೇಲೆ ಬೇಸಿಗೆ ಬಂತು. ಬೇಸಿಗೆ ಕೊನೆ ಹೊತ್ತಿಗಂತೂ ಹೊಂಗೆ ಹೂವೆಲ್ಲ ಉದುರಿ, ಗಾಳಿ ಅನ್ನೋದೇ ನಿಂತು, ಹೊತ್ತು ಹುಟ್ಟೋಕೆ ಮುಂಚೇನೇ ಮೈಯೆಲ್ಲ ಬೆವರೋದಂತೆ. ಮನೆಯವರೆಲ್ಲ ಅಂಗಳದಲ್ಲಿ ಚಾಪೆ ಹಾಕ್ಕೊಂಡು ಮಲಗಿರೋರು. ದ್ಯಾಮವ್ವ ಒಬ್ಬಳೇ ಎದ್ದು ಕೊಟ್ಟಿಗೆಗೆ ಹೋಗೋಳು. ದನಕರು ನೋಡ್ಕೊಳ್ಳೋದನ್ನೆಲ್ಲ ಅವಳಿಗೇ ಬಿಟ್ಟುಬಿಟ್ಟಿದ್ರಲ್ಲ. ಸಗಣಿ ಬಾಚಿ, ಕಲಗಚ್ಚು ಇಟ್ಟು, ಆಮೇಲೆ ಹಸುವಿನ ಕತ್ತಿನ ಕೆಳಗಿನ ಗಂಗೆದೊಗಲು ಸವರುತ್ತಾ, ಯಾಕ ನನ್ನವ್ವಾ, ನಿದ್ದಿ ಹತ್ತಲಿಲ್ಲೇನ ಅಂತ ಶುರು ಮಾಡೋಳಂತೆ. ಹಸುವಿಗೆ ತನ್ನ ತಾಯಿ ವಿಚಾರ ಹೇಳೋಳು, ಮೇಕೆಗಳಿಗೆ ತಂಗಿ ವಿಚಾರ, ಎತ್ತುಗಳಿಗೆ ಊರಿನ ಹೊಳೆ ವಿಚಾರ. ಅವು ಮೆಲುಕು ಹಾಕ್ತಾ ಸುಮ್ಮನೆ ಕೇಳೋವಂತೆ. ಅಂಗಳದಲ್ಲಿ ಯಾರಾದರೂ ಕೆಮ್ಮಿದ್ರೆ ಮುಗೀತು, ಮಾತು ನಿಂತುಹೋಗೋದು. ಮತ್ತೆ ಬಾಯಿ ಬಿಡೋಕೆ ಮಾರನೇ ಬೆಳಿಗ್ಗೆ ತನಕ ಕಾಯಬೇಕಿತ್ತಂತೆ.

ಹಿಂಗಿರೋವಾಗ ಒಂದು ಬೆಳಿಗ್ಗೆ ಹೊಂಬಾಳಮ್ಮ ಸದ್ದಿಲ್ಲದೆ ಎದ್ದು ಬಂದು, ಕಂಬದ ಹಿಂದೆ ನಿಂತು ಎಲ್ಲ ಕೇಳಿಸ್ಕೊಂಡಳಂತೆ. ಬಾವಿಕಟ್ಟೇಲಿ ಅವತ್ತು ಅದೇ ಮಾತು. ನಮ್ಮ ಸೊಸೆ ನಮ್ಮ ಹತ್ರ ಬಾಯಿ ಬಿಡಲ್ಲ, ದನದ ಹತ್ರ ಹರಟೆ ಹೊಡೀತಾಳೆ ಅಂದ್ಲಂತೆ. ದ್ಯಾಮವ್ವನ ಕಿವಿಗೂ ಅದು ಬಿತ್ತು. ಮಾರನೇ ಬೆಳಿಗ್ಗೆ ಅವಳು ಕೊಟ್ಟಿಗೇಲೂ ತುಟಿ ಬಿಚ್ಚಲಿಲ್ಲವಂತೆ. ಹಸು ಕತ್ತು ತಿರುಗಿಸಿ ತಿರುಗಿಸಿ ನೋಡ್ತು. ಅವಳು ಮುಖ ಆ ಕಡೆ ಮಾಡಿ ಸಗಣಿ ಬಾಚಿದಳು. ಮನೆ ತುಂಬ ಜನ ಇದ್ರೂ ಅವಳ ಪಾಲಿಗೆ ಯಾರೂ ಇಲ್ಲದ ಹಂಗಾಯ್ತಂತೆ.

ಮೊದಲು ಹಸು ಹಾಲು ಬಿಡಲಿಲ್ಲ. ಹೊಂಬಾಳಮ್ಮ ತಾನೇ ಕೂತು ಬಾರೇ ನನ್ನಮ್ಮ ಅಂತ ಎಷ್ಟು ಗೋಗರೆದರೂ ಕೆಚ್ಚಲು ಬಿಗಿಹಿಡ್ಕೊಂಡು ನಿಂತುಬಿಡ್ತಂತೆ. ಆಮೇಲೆ ಮೇಕೆಗಳು. ಯಜಮಾನ ಗಂಟಲು ಹರಿಯೋ ಹಂಗೆ ಕೂಗಿದರೂ ಅವು ಹೊಂಗೆ ನೆರಳು ಬಿಟ್ಟು ಮನೆ ಕಡೆ ಬರಲಿಲ್ಲವಂತೆ.

ಆಮೇಲೆ ಮಳೆ ಬಂತು. ಸುತ್ತ ಹೊಲಗಳಲ್ಲೆಲ್ಲ ಆರು ಕಟ್ಟಿ ಉಳೋಕೆ ಶುರು ಮಾಡಿದ್ರು. ಕೆಂಪಯ್ಯನೂ ಎಳೆ ಎತ್ತುಗಳ ಹೆಗಲ ಮೇಲೆ ನೊಗ ಇಟ್ಟು ಹೈ ಹೈ ಅಂದ. ಎತ್ತು ಕದಲಲಿಲ್ಲ. ಬಾಲ ತಿರುಚಿದ. ಮಲಗಿಬಿಟ್ಟವಂತೆ. ಬಿಸಿಲೇರ್ತು, ನೆಲ ಆರೋಕೆ ಶುರುವಾಯ್ತು. ಹದ ತಪ್ಪಿದರೆ ಬಿತ್ತನೆ ಇಲ್ಲ, ಬಿತ್ತನೆ ಇಲ್ಲದಿದ್ರೆ ವರ್ಷಪೂರ್ತಿ ಉಣ್ಣೋಕಿಲ್ಲ. ಯಜಮಾನ ದೊಣ್ಣೆ ತಗೊಂಡು ಬಂದನಂತೆ. ಕೆಂಪಯ್ಯ ಅಪ್ಪನ ಕೈಯಿಂದ ದೊಣ್ಣೆ ಇಸ್ಕೊಂಡು, ಅತ್ತ ಎಸೆದು, ನೆಟ್ಟಗೆ ಮನೆಗೆ ಹೋದನಂತೆ. ದ್ಯಾಮವ್ವ ಒಲೆ ಮುಂದೆ ಕೂತಿದ್ಲು.

“ನೀನು ಅವಕ್ಕೆ ಏನಂತೀಯ? ನಂಗೂ ಹೇಳ್ಕೊಡು” ಅಂದನಂತೆ.

“ಒಲ್ಲೆ. ನಗತೀರಿ.”

“ನಾನು ಯಾವತ್ತೂ ನಕ್ಕಿಲ್ವಲ್ಲ.”

“ನಗಬ್ಯಾಡ್ರಿ ಅಂತನೂ ಅನ್ನಲಿಲ್ಲ ನೀವು.”

ಕೆಂಪಯ್ಯ ಅವಳ ಪಕ್ಕ ನೆಲದ ಮೇಲೆ ಕೂತ್ಕೊಂಡನಂತೆ. ತಪ್ಪಾಯ್ತು ದ್ಯಾಮವ್ವ, ಬಾ ಅಂದ. ಮದುವೆಯಾದ ಮೇಲೆ ಆ ಮನೇಲಿ ಯಾರೂ ಅವಳನ್ನ ಹೆಸರು ಹಿಡಿದು ಕರೆದಿರಲಿಲ್ಲ. ಅವಳು ಎದ್ದು ಹೊಲಕ್ಕೆ ಬಂದು, ಎತ್ತುಗಳ ಮುಂದೆ ನಿಂತು, ಹೋಗೂಣು ನಡೀರೆಪ್ಪಾ ಅಂದ್ಲಂತೆ. ಎತ್ತು ದಡಬಡ ಎದ್ದವು. ಕೆಂಪಯ್ಯ ಹಂಗೇ ಅನ್ನೋಕೆ ಹೋಗಿ ನಾಲಿಗೆ ತೊಡರಿಸ್ಕೊಂಡ. ಎರಡನೇ ಸಲ ಕಿವಿ ಅಲ್ಲಾಡಿಸಿದವು, ಮೂರನೇ ಸಲಕ್ಕೆ ಹೆಜ್ಜೆ ಕಿತ್ತವಂತೆ. ಪಕ್ಕದ ಹೊಲದವನು ನಕ್ಕಿದ್ದಕ್ಕೆ ಕೆಂಪಯ್ಯ ನೇಗಿಲು ನಿಲ್ಲಿಸಿ, ನಗಬೇಡ ಕಣಯ್ಯ, ಇದು ನನ್ನ ಹೆಂಡ್ತಿ ಮಾತು ಅಂದನಂತೆ.

ಹೊಲವೆಲ್ಲ ಉತ್ತಿದ್ದಾಯ್ತು. ಮಾರನೇ ಬೆಳಿಗ್ಗೆ ದ್ಯಾಮವ್ವ ಕೊಟ್ಟಿಗೆಗೆ ಹೋದರೆ ಹೊಂಬಾಳಮ್ಮ ಆಗಲೇ ಬಂದು ಸಗಣಿ ಬಾಚ್ತಿದ್ಲಂತೆ. ಆಮೇಲೆ ಅತ್ತೆ ಕೈ ತೊಳ್ಕೊಂಡು, ನಿಮ್ಮಮ್ಮ ಈ ಹೊತ್ತಲ್ಲಿ ಏನು ಮಾಡ್ತಿರ್ತಾಳೆ ಅಂತ ಮೆತ್ತಗೆ ಕೇಳಿದಳಂತೆ. ದ್ಯಾಮವ್ವ ಹೇಳೋಕೆ ಅಂತ ಬಾಯಿ ತೆಗೆದಳು, ಅಳು ಬಂತು. ಈ ಊರಿಗೆ ಬಂದ ಮೇಲೆ ಅವಳು ಅತ್ತಿದ್ದು ಅವತ್ತೇ ಮೊದಲಂತೆ. ಹೊಂಬಾಳಮ್ಮ ಸಮಾಧಾನ ಹೇಳೋಕೆ ಹೋಗಲಿಲ್ಲ. ಹುಲ್ಲಿನ ಮೇಲೆ ಜಾಗ ಮಾಡಿ ಕೂರಿಸ್ಕೊಂಡು, ಅವಳು ಅತ್ತು ಮುಗಿಸೋವರೆಗೂ ಕಾದಳಂತೆ. ಆಮೇಲೆ ದ್ಯಾಮವ್ವ ಹೇಳಿದಳು, ಅತ್ತೆ ಕೇಳಿದಳು, ಹೊತ್ತು ಮಾರುದ್ದ ಏರಿದರೂ ಇಬ್ಬರೂ ಮೇಲೇಳಲಿಲ್ಲವಂತೆ.

ಅವರು ಅಲ್ಲಿ ಕೂತಿರಲಿ ಮಗಾ, ಕತೆ ಇಲ್ಲಿಗೆ ತೀರ್ತು. ನೀನು ಈ ಮಗ್ಗುಲಿಗೆ ಬಾ.