ತಿದ್ದಿದ ತಾಳೆಸಂಖ್ಯೆ

ಆಸ್ಪತ್ರೆಯೊಂದರ ಗಣಕಯಂತ್ರದಲ್ಲಿ ಕಡತಗಳನ್ನು ಕಾಯಲು ಪರೀಕ್ಷಕನೆಂಬ ಪ್ರೋಗ್ರಾಂ ಇದ್ದ. ಪ್ರತಿ ಕಡತದ ಅಕ್ಷರಗಳಿಂದ ಅವನು ಒಂದು ತಾಳೆಸಂಖ್ಯೆಯನ್ನು ಲೆಕ್ಕ ಹಾಕಿ ತನ್ನ ಪಟ್ಟಿಯಲ್ಲಿ ಬರೆದಿಡುತ್ತಿದ್ದ. ಒಂದಕ್ಷರ ಕೆಟ್ಟರೂ ಸಂಖ್ಯೆ ಬೇರೆಯಾಗುತ್ತಿತ್ತು.

ಒಂದು ದಿನ ರಕ್ತದ ಗುಂಪುಗಳ ಕಡತ ತಾಳೆಯಾಗಲಿಲ್ಲ.

"ನೀನು ಕೆಟ್ಟಿದ್ದೀಯೆ," ಎಂದ ಪರೀಕ್ಷಕ.

ಆ ಕಡತವನ್ನು ತನ್ನೊಳಗಿಟ್ಟುಕೊಂಡಿದ್ದ ಕಡತಕೋಶ ನಡುವೆ ಬಾಯಿ ಹಾಕಿತು: "ಮೆಲ್ಲಗೆ, ಸ್ವಾಮಿ! ನಾಳೆ ತಪಾಸಣೆಯಿದೆ, ನಮ್ಮ ಮನೆತನದ ಮಾನ ಹೋದೀತು. ಕಡತವನ್ನು ತಿದ್ದುವುದು ಕಷ್ಟ. ನಿಮ್ಮ ಪಟ್ಟಿಯ ಸಂಖ್ಯೆಯನ್ನು ತಿದ್ದುವುದು ಸುಲಭವಲ್ಲವೇ?"

ಪರೀಕ್ಷಕ ಕೆಟ್ಟ ಕಡತದಿಂದಲೇ ಹೊಸ ಸಂಖ್ಯೆಯನ್ನು ಲೆಕ್ಕ ಹಾಕಿ ಬರೆದುಕೊಂಡ. ತಪಾಸಣೆ ಸುಸೂತ್ರವಾಗಿ ಮುಗಿಯಿತು.

ವಾರದ ಬಳಿಕ, ಬೇರೊಂದು ಡಿಸ್ಕಿನಲ್ಲಿ ಜೋಪಾನವಾಗಿದ್ದ ಅದೇ ಕಡತದ ಇನ್ನೊಂದು ಪ್ರತಿ ಪರೀಕ್ಷೆಗೆ ಬಂತು. ಅದರ ಸಂಖ್ಯೆ ಪಟ್ಟಿಯೊಂದಿಗೆ ತಾಳೆಯಾಗಲಿಲ್ಲ.

"ನೀನೂ ಕೆಟ್ಟೆಯಾ?"

"ಇಲ್ಲ, ಸ್ವಾಮಿ. ಮೊದಲ ದಿನ ಇದ್ದಂತೆಯೇ ಇದ್ದೇನೆ. ಒಮ್ಮೆ ನನ್ನನ್ನು ಓದಿ ನೋಡಿ."

"ಓದುವವರು ಬೇರೆ ಇದ್ದಾರೆ. ನನ್ನದು ತಾಳೆ ನೋಡುವ ಕೆಲಸ," ಎಂದು ಪರೀಕ್ಷಕ ಅದನ್ನು ಅಳಿಸಿ, ಆ ಜಾಗದಲ್ಲಿ ಕೆಟ್ಟ ಕಡತದ ಪ್ರತಿಯನ್ನಿಟ್ಟ.

ಮರುದಿನ ಬೆಳಿಗ್ಗೆ ಶಸ್ತ್ರಚಿಕಿತ್ಸೆಯ ಕೋಣೆಯಿಂದ ವೈದ್ಯರು ಬಾಣಂತಿಯೊಬ್ಬಳ ರಕ್ತದ ಗುಂಪನ್ನು ಕೇಳಿದರು. ಖಚಿತಪಡಿಸಿಕೊಳ್ಳಲು ಎರಡನೆಯ ಪ್ರತಿಯನ್ನೂ ಕೇಳಿದರು. ಎರಡೂ ಒಂದೇ ದನಿಯಲ್ಲಿ ತಪ್ಪು ಗುಂಪನ್ನು ಹೇಳಿದವು.