ಇದ್ದೀಯಾ ಅಂತ ಕೇಳ್ತಿದ್ದ ದಿವಾನ

ನೀವು ಹೂಂಗುಟ್ಟೋದೂ ಬೇಡ, ಕಿವಿ ಮಾತ್ರ ಇತ್ತ ಕೊಡಿ. ಇದು ನಗೋ ಕಥೆಯಲ್ಲ.

ಒಂದು ರಾಜ್ಯ. ಅಲ್ಲೊಂದು ದೊಡ್ಡ ಕೆರೆ, ಕೆರೆ ಮಗ್ಗುಲಿಗೊಂದು ಗುಡ್ಡ. ಗುಡ್ಡದ ಮೇಲೆ ಹಾಲಮ್ಮ ಅನ್ನೋಳು ಕಾವಲಿದ್ಲು. ಅವಳಿಗೆ ಅರಮನೆಯವರು ಒಂದು ಲ್ಯಾಪ್‌ಟಾಪ್ ಕೊಟ್ಟಿದ್ರು. ಕೆರೆ ಏರಿ ಬಿರುಕು ಬಿಟ್ರೆ ಅದರಲ್ಲಿ ಸುದ್ದಿ ಕಳಿಸ್ಬೇಕು. ಸುದ್ದಿ ಮುಟ್ಟಿದ ಕೂಡ್ಲೆ ಅರಮನೇಲಿ ನಗಾರಿ ಬಡೀತಾರೆ, ಏರಿ ಕೆಳಗಿನ ಕೇರಿಯವರು ದಿಬ್ಬ ಹತ್ತಿ ಜೀವ ಉಳಿಸ್ಕೋತಾರೆ. ಹಾಲಮ್ಮನ ಒಬ್ಬಳೇ ಮಗಳು ಕೊಟ್ರಮ್ಮ ಇದ್ದದ್ದೂ ಅದೇ ಕೇರೀಲಿ. ಹಸಿ ಬಾಣಂತಿ.

ಆ ವರ್ಷ ಮಳೆ ಹಿಡೀತು ನೋಡಿ, ಬಿಡೋ ಮಾತೇ ಇಲ್ಲ. ಬಿಸಿಲಿಲ್ಲದೆ, ಲ್ಯಾಪ್‌ಟಾಪಿಗೆ ಚಾರ್ಜ್ ಕೊಡೋ ಸೋಲಾರ್ ಸತ್ತಂಗಾಯ್ತು. ಬ್ಯಾಟರೀಲಿ ಉಳಿದಿದ್ದಷ್ಟೇ ಗತಿ. ಹಾಲಮ್ಮ ಜಾಣೆ. ನೆಟ್‌ವರ್ಕ್ ಆಫ್ ಮಾಡಿ, ಲ್ಯಾಪ್‌ಟಾಪ್ ಮುಚ್ಚಿಟ್ಟು, ಕಣ್ಣಲ್ಲಿ ಕಣ್ಣಿಟ್ಟು ಏರಿ ಕಾಯ್ತಾ ಕೂತ್ಲು.

ಅರಮನೇಲಿ ದಿವಾನ ಭುಜಂಗಪ್ಪ ಅಂತ ಒಬ್ಬ ಮಹಾನುಭಾವ. ಅವನಿಗೆ ತನ್ನ ಪರದೆ ಮೇಲೆ ಹಾಲಮ್ಮನ ಹೆಸರಿನ ಪಕ್ಕ, ಅವಳು ಆನ್‌ಲೈನ್ ಇದ್ದಾಳೆ ಅನ್ನೋ ಹಸಿರು ಚುಕ್ಕಿ ಕಾಣ್ಲೇಬೇಕು. ಕಾಣ್ಲಿಲ್ಲ ಅಂತ ಆಳಿನ ಕೈಲಿ ಹೇಳಿ ಕಳಿಸ್ದ: "ನೆಟ್ ಆಫ್ ಮಾಡಂಗಿಲ್ಲ. ನಾನು ಇದ್ದೀಯಾ ಅಂದ್ರೆ ನೀನು ಇದ್ದೀನಿ ಅನ್ಬೇಕು. ಆಗಲ್ವಾ, ಗುಡ್ಡ ಇಳಿದು ನಡಿ."

ಮಾರನೇ ದಿನ ಬೆಳಿಗ್ಗೆ ಲ್ಯಾಪ್‌ಟಾಪಿನಲ್ಲೇ ಕೇಳ್ದ, "ಇದ್ದೀಯಾ?"

"ಇದ್ದೀನಿ ಬುದ್ಧಿ. ಚಾರ್ಜ್ ಇಳೀತಿದೆ."

ಮಧ್ಯಾಹ್ನ ಕೇಳ್ದ, "ಇದ್ದೀಯಾ?"

"ಇದ್ದೀನಿ ಬುದ್ಧಿ. ಸ್ವಲ್ಪ ಹೊತ್ತು ಆಫ್ ಮಾಡ್ಕೊಳ್ಳಾ? ಏರಿಗೇನಾದ್ರೂ ಆದ್ರೆ ಆ ಗಳಿಗೇಲೇ ಹೇಳ್ತೀನಿ."

"ನಿದ್ದೆ ಹೊಡಿಯೋಕೆ ನೆವ ಹೇಳ್ತೀಯೇನೇ?"

ಸಂಜೆ ಕೇಳ್ದ, "ಇದ್ದೀಯಾ?"

"ಇದ್ದೀನಿ ಬುದ್ಧಿ" ಅಂತ ಕಳಿಸಿದ್ದೇ ತಡ, ಪರದೆ ಕಪ್ಪಾಯ್ತು.

ಕತ್ತಲಾಗೋಕೆ ಮುಂಚೆ ಏರಿ ಬಿರುಕು ಬಿಡ್ತು. ಹಾಲಮ್ಮ ಗುಂಡಿ ಒತ್ತಿದ್ಲು, ತಟ್ಟಿದ್ಲು, ಕೈಮುಗಿದ್ಲು. ಊಹೂಂ. ಬಾಯಿ ಬಡ್ಕೊಂಡು ಗುಡ್ಡ ಇಳಿದು ಓಡಿದ್ಲು. ನೀರು ಅವಳಿಗಿಂತ ಮೊದಲೇ ಹೋಗಿತ್ತು. ಕೊಟ್ರಮ್ಮ ಇಲ್ಲ, ಕೂಸಿಲ್ಲ, ಅರ್ಧ ಕೇರಿಯೇ ಇಲ್ಲ. ಅಯ್ಯೋ, ಹೇಳೋಕೇ ಹೊಟ್ಟೆ ಉರಿಯುತ್ತೆ.

ರಾಜನ ಮುಂದೆ ದಿವಾನ, "ಇವಳು ಮಲಗಿದ್ಲು ಪ್ರಭು, ಸುದ್ದೀನೇ ಕಳಿಸ್ಲಿಲ್ಲ" ಅಂದ.

"ಏನಮ್ಮಾ ಹೇಳ್ತೀಯ?" ಅಂದ ರಾಜ.

ಹಾಲಮ್ಮನ ಕಣ್ಣಲ್ಲಿ ನೀರೂ ಉಳಿದಿರಲಿಲ್ಲ. "ಆವತ್ತು ನಡೆದದ್ದನ್ನ ದಿವಾನರು ಒಂದೇ ಉಸಿರಲ್ಲಿ ಹೇಳ್ಲಿ ಸ್ವಾಮಿ. ನಡುವೆ ನಾನು ಇದ್ದೀರಾ ಅಂದ್ರೆ ಇದ್ದೀನಿ ಅನ್ಲಿ. ಅಷ್ಟೇ."

ಇದೇನು ಮಹಾ ಅಂತ ದಿವಾನ ಎದೆ ತುಂಬ ಉಸಿರೆಳ್ಕೊಂಡ. "ಆವತ್ತು ಬೆಳಿಗ್ಗೆ..."

"ಇದ್ದೀರಾ?"

"ಇದ್ದೀನಿ. ಆವತ್ತು..."

"ಇದ್ದೀರಾ?"

"ಇದ್ದೀನಿ. ಆವ..."

"ಇದ್ದೀರಾ?"

ದಿವಾನನ ಮುಖ ಕೆಂಪಗಾಯ್ತು, ಉಸಿರು ಕಟ್ತು. "ಥೂ! ಇರೋ ಉಸಿರೆಲ್ಲ ಇದ್ದೀನಿ ಅನ್ನೋಕೇ ಹೋದ್ರೆ, ಹೇಳಬೇಕಾದ್ದು ಹೇಳೋದು ಹೆಂಗೆ?"

ಅಂದುಬಿಟ್ಟ. ಅಂದಮೇಲೆ, ತನ್ನ ತಪ್ಪು ತಾನೇ ಒಪ್ಕೊಂಡೆ ಅಂತ ಅವನಿಗೇ ಗೊತ್ತಾಯ್ತು. "ನನ್ನ ಬ್ಯಾಟರೀನೂ ಹಿಂಗೇ ಹೋಯ್ತು ಸ್ವಾಮಿ" ಅಂದ್ಲು ಹಾಲಮ್ಮ.

ರಾಜ ಅವನ ಪೇಟ ಕಿತ್ತು ಗಡಿ ದಾಟಿಸ್ದ. ಏನು ಬಂತು? ಹಾಲಮ್ಮನಿಗೆ ಮಗಳು ಬಂದ್ಲಾ?

ತಿಳ್ಕೊಳ್ಳಿ ಮಕ್ಕಳಾ. ಇದ್ದೀನಿ ಇದ್ದೀನಿ ಅಂತ ತೋರಿಸ್ಕೊಳ್ಳೋದ್ರಲ್ಲೇ ಶಕ್ತಿಯೆಲ್ಲ ಕಳೆದೋರು, ಬೇಕಾದ ಹೊತ್ತಿಗೆ ಇರೋದಿಲ್ಲ. ದುಡಿಯೋರನ್ನ ಹಾಗೆ ಕಳೆಯೋಕೆ ಹಚ್ಚಿದೋರ ಪಾಪಕ್ಕೆ ಪರಿಹಾರವೇ ಇಲ್ಲ.