ಎರಡು ಅರ್ಥ

ಹೊಳೆದಂಡೆಯ ಒಂದು ಮಠ. ದಾಸೋಹದ ಅಡುಗೆಯೆಲ್ಲ ಬಾಯ್ಲರಿನ ಹಬೆಯಲ್ಲೇ ಬೇಯಬೇಕು. ಆ ಬಾಯ್ಲರಿನ ಉಸ್ತುವಾರಿ ಶಿಷ್ಯ ಪ್ರಭುಲಿಂಗನದು.

ಹಬೆಯ ಒತ್ತಡ ಮಿತಿಮೀರಿದರೆ ಉರಿಯನ್ನು ತಾನಾಗಿ ಆರಿಸಲೆಂದು ಅದಕ್ಕೊಂದು ಸೆನ್ಸರ್ ಇತ್ತು. ಈಚೆಗೆ ಅದಕ್ಕೇನಾಗಿತ್ತೋ, ಒತ್ತಡ ಏರಲಿ ಬಿಡಲಿ, ಉರಿ ಆರಿಸಿಬಿಡುತ್ತಿತ್ತು. ಅನ್ನ ಅರೆಬೆಂದು ಕೂರುತ್ತಿತ್ತು. ಪ್ರಭುಲಿಂಗ ಹೊಸ ಸೆನ್ಸರ್ ತಂದು ಕೂರಿಸಿದ. ಅದೂ ಅದೇ ಚಾಳಿ ಹಿಡಿಯಿತು.

ಅವನಿಗೆ ರೇಗಿಹೋಯಿತು. ಸೆನ್ಸರಿನ ಮಾತು ಉರಿಯವರೆಗೆ ತಲುಪದಂತೆ ನಡುವೆ ಒಂದು ತಂತಿ ಜೋಡಿಸಿಬಿಟ್ಟ. ಉರಿ ಮತ್ತೆ ಆರಲಿಲ್ಲ. ಪೀಡೆ ತೊಲಗಿತು ಎಂದು ಕೈ ಒರೆಸಿಕೊಂಡ.

ಮಠದ ಸ್ವಾಮಿಗಳಾದ ಅಜ್ಜನವರು ಅಡುಗೆಮನೆಗೆ ಬಂದರು. ಆ ತಂತಿಯನ್ನು ನೋಡಿದರು. ಒಂದು ಚಾಪೆ ತರಿಸಿ ಬಾಯ್ಲರಿನ ಪಕ್ಕದಲ್ಲೇ ಹಾಸಿಕೊಂಡು ಕೂತರು.

“ಅಲ್ಲಿ ಬ್ಯಾಡ್ರಿ ಅಜ್ಜಾರ.”

“ಯಾಕ?”

“ಒತ್ತಡ ಏನರ ಏರಿದ್ರ...”

“ಏರಿದ್ರ ಸೆನ್ಸರ್ ಐತಲ್ಲೋ.”

ಪ್ರಭುಲಿಂಗ ತಾನು ಜೋಡಿಸಿದ ತಂತಿಯತ್ತ ನೋಡಿದ. ಅಡುಗೆಯವರು ದಿನವೂ ಅಲ್ಲೇ ನಿಂತು ಕೆಲಸ ಮಾಡುವವರು. ಅವರು ನಿಂತಾಗ ಹುಟ್ಟದ ಹೆದರಿಕೆ ಅಜ್ಜನವರು ಕೂತಾಗ ಹುಟ್ಟಿತಲ್ಲ ಎಂದು ನಾಚಿಕೆಯಾಯಿತು. ಬಾಯ್ಲರ್ ಆರಿಸಿ ತಂತಿ ಕಿತ್ತುಹಾಕಿದ.

“ಮಂದಿ ಪಂಕ್ತಿಗೆ ಕೂತಾರ್ರಿ. ಇದು ನೋಡಿದ್ರ ಸುಳ್ಳ ಹೇಳತೈತಿ.”

“ಯಾವಾಗ ಹೇಳತೈತಿ?”

“ಅದರ ಮನಸಿಗೆ ಬಂದಾಗ್ರಿ.”

“ಅದಕ್ಕ ಮನಸು ಎಲ್ಲಿಂದ ಬಂತು? ಹಚ್ಚು, ಕುಂತು ನೋಡು.”

ಬಾಯ್ಲರ್ ಹಚ್ಚಿ, ಕೂತು ನೋಡಿದ. ಮೀಟರಿನ ಅಂಕಿ ನೆಟ್ಟಗಿತ್ತು. ಆಚೆ ಕೋಣೆಯಲ್ಲಿ ಯಾರೋ ರುಬ್ಬುವ ಮೋಟರ್ ಹಾಕಿದರು. ಅಂಕಿ ಕುಣಿಯತೊಡಗಿತು, ಉರಿ ಆರಿತು. ಮೋಟರ್ ನಿಂತ ಮೇಲೆ ಅಂಕಿಯೂ ಸುಮ್ಮನಾಯಿತು.

“ಮೋಟರಿನ ಕರೆಂಟಿನ ಗದ್ದಲ ಸೆನ್ಸರಿನ ತಂತಿಯೊಳಗ ಬರಾಕತ್ತೈತ್ರಿ. ಬರಬಾರದು ಅಂತನ ತಂತಿ ಮ್ಯಾಲಿನ ಲೋಹದ ಜಾಳಿಗೆಗೆ ನೆಲಕ್ಕಿಳಿಯೋ ಅರ್ಥ್ ಕೊಟ್ಟೀನಿ. ಇನ್ನಷ್ಟು ಭದ್ರ ಇರಲಿ ಅಂತ ಈಚಿಗೆ ಎರಡೂ ತುದಿಗೆ ಕೊಟ್ಟೀನ್ರಿ.”

ಅಜ್ಜನವರು ನಕ್ಕರು.

“ಎರಡು ಅರ್ಥ ಕೊಟ್ಟಿದ್ದು ನೀನು. ಸುಳ್ಳ ಅನ್ನಿಸಿಕೊಂಡಿದ್ದು ಅದು.”

ಪ್ರಭುಲಿಂಗ ಸೆನ್ಸರಿನ ತಂತಿಯನ್ನೇ ನೋಡುತ್ತ ನಿಂತ. ಗದ್ದಲ ನೆಲಕ್ಕಿಳಿದು ಹೋಗಲು ಒಂದು ದಾರಿ ಸಾಕಿತ್ತು. ಎರಡು ಕೊಟ್ಟಿದ್ದಕ್ಕೆ ಅದು ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಏರಿ ಅಲ್ಲೇ ಸುತ್ತು ಹೊಡೆಯುತ್ತಿತ್ತು. ಒಂದು ತುದಿಯ ಅರ್ಥ್ ಬಿಚ್ಚಿದ.

ಮೋಟರ್ ತಿರುಗಿತು. ಅಂಕಿ ಅಲುಗಲಿಲ್ಲ. ತಡವಾದರೂ ಪಂಕ್ತಿಗೆ ಬೆಂದ ಅನ್ನ ಹೋಯಿತು.

ಆದರೂ ಅವನ ಮನಸ್ಸು ಪೂರ್ತಿ ಒಪ್ಪಿರಲಿಲ್ಲ.

“ಅಜ್ಜಾರ, ಅದು ಸುಳ್ಳ ಹೇಳತಿದ್ದದ್ದಂತೂ ಖರೇ ಆತಲ್ರಿ. ಸುಳ್ಳ ಹೇಳೋ ಬಾಯಿ ಮುಚ್ಚಿಸಿದ್ದು ಅಷ್ಟು ದೊಡ್ಡ ತಪ್ಪೇನ್ರಿ?”

ಅಜ್ಜನವರು ಚಾಪೆ ಸುತ್ತಿ ಎದ್ದರು.

“ಅದು ಖರೇ ಹೇಳಬೇಕಾದ್ದೂ ಅದೇ ಬಾಯಿಂದ, ತಮ್ಮಾ.”